ಊರಿನ ಪಾಪ, ಊರಿನ ಋಣ

ಕರ್ಮವನ್ನು ಒಪ್ಪುವ ಭಾರತೀಯ ದರ್ಶನಗಳು ಪಾಪಪುಣ್ಯಗಳ ವಿಚಾರ ಬಂದಾಗ ಸಾಮಾನ್ಯವಾಗಿ ಒಬ್ಬ ಕರ್ತೃವನ್ನು ಎದುರಿಗಿಟ್ಟುಕೊಂಡೇ ಮಾತನಾಡುತ್ತವೆ. ಮಾಡಿದವನು ಯಾರೋ ಅವನೇ ಉಣ್ಣಬೇಕು ಎಂಬ ಈ ತತ್ತ್ವವನ್ನು ಕನ್ನಡದ ಗಾದೆ ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಏಕವಚನದಲ್ಲಿಯೇ ಹೇಳಿ ಮುಗಿಸುತ್ತದೆ. ಅದೇ ಕನ್ನಡದಲ್ಲಿ ‘ಹತ್ತರೊಡನೆ ಹನ್ನೊಂದು’ ಎಂಬ ಇನ್ನೊಂದು ಮಾತೂ ಇದೆ. ಹತ್ತು ಮಂದಿ ನಡೆದ ದಾರಿಯಲ್ಲಿ ಹನ್ನೊಂದನೆಯವನು ನಡೆದರೆ ಅವನನ್ನು ಯಾರೂ ಬೇರೆಯಾಗಿ ಕೇಳುವುದಿಲ್ಲ, ಅವನು ತನ್ನನ್ನು ತಾನೇ ಕೇಳಿಕೊಳ್ಳಬೇಕಾಗಿಯೂ ಇಲ್ಲ ಎಂಬ ಸಮಾಧಾನ ಅದರೊಳಗೆ ಅಡಗಿದೆ. ಮೊದಲ ಮಾತು ಧರ್ಮದ್ದು, ಎರಡನೆಯದು ಗುಂಪಿನದು. ಎರಡೂ ಒಂದೇ ಬಾಯಲ್ಲಿ ವಾಸಿಸುತ್ತಿರುವುದರಿಂದ ಕಠಿಣವಾದ ಒಂದು ಪ್ರಶ್ನೆ ಏಳುತ್ತದೆ. ನೂರು ಮಂದಿ ಸೇರಿ ಒಂದು ಕೇರಿಗೆ ನುಗ್ಗಿ, ಇದ್ದವರನ್ನು ಬಡಿದು, ಗುಡಿಸಲಿಗೆ ಬೆಂಕಿ ಇಟ್ಟಾಗ ಆ ಪಾಪ ಯಾರದು? ಅದು ನೂರು ಪಾಲಾಗಿ ಒಬ್ಬೊಬ್ಬನಿಗೆ ನೂರರಲ್ಲೊಂದು ಅಂಶ ಮಾತ್ರ ಬರುತ್ತದೆಯೇ, ಒಬ್ಬೊಬ್ಬನೂ ಇಡಿಯಾಗಿ ಹೊರಬೇಕೇ, ಅಥವಾ ‘ಊರು’ ಎಂಬ ಹೆಸರಿನ ಲೆಕ್ಕಕ್ಕೆ ಬರೆದು ಎಲ್ಲರೂ ಕೈತೊಳೆದುಕೊಳ್ಳಬಹುದೇ?

ಈ ಪ್ರಶ್ನೆಗೆ ನೆಲವಿದೆ, ದಿನಾಂಕವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಸೀಮೆಯಾದ ಪ್ರದೇಶ ಗಂಗಾವತಿಯಿಂದ ಸಿಂಧನೂರಿನವರೆಗೆ ಒಂದೇ ಹಸಿರಾಗಿ ಹಬ್ಬಿದೆ. ಅಲ್ಲಿಂದ ಮಸ್ಕಿ, ಲಿಂಗಸೂಗೂರು, ಹಟ್ಟಿಯ ಕಡೆಗೆ ಹೋದಂತೆ ಕಲ್ಲುಗುಡ್ಡಗಳೂ ಒಣಬೇಸಾಯದ ಹೊಲಗಳೂ ಎದುರಾಗುತ್ತವೆ. 1990ರ ದಶಕದ ಕೊನೆಯಲ್ಲಿ ಕೊಪ್ಪಳ ಜಿಲ್ಲೆ ಬೇರೆಯಾಗುವ ತನಕ ಇದೆಲ್ಲವೂ ರಾಯಚೂರು ಜಿಲ್ಲೆಯೇ ಆಗಿತ್ತು. ಈ ಸೀಮೆಯ ಮರಕುಂಬಿ ಎಂಬ ಗ್ರಾಮದಲ್ಲಿ, ಗಂಗಾವತಿ ತಾಲ್ಲೂಕಿನಲ್ಲಿ, 2014ರ ಆಗಸ್ಟ್ 28ರಂದು ಸವರ್ಣೀಯರ ಗುಂಪು ದಲಿತರ ಕೇರಿಯ ಮೇಲೆ ಬಿದ್ದು, ಅಲ್ಲಿದ್ದವರನ್ನು ಥಳಿಸಿ, ಗುಡಿಸಲುಗಳಿಗೆ ಬೆಂಕಿ ಹಚ್ಚಿತು. ಸಿನಿಮಾ ನೋಡಲು ಹೋದಾಗ ಆದ ಜಗಳ ಅದಕ್ಕೆ ನೆಪವಾಗಿತ್ತು. ಕ್ಷೌರದಂಗಡಿ ಮತ್ತು ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶವಿಲ್ಲ ಎಂಬ ಕಟ್ಟುಪಾಡನ್ನು ಕೇರಿಯವರು ಪ್ರಶ್ನಿಸಿದ್ದು ಅದರ ಹಿಂದಿನ ಕಾರಣವಾಗಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 101 ಅಪರಾಧಿಗಳಿಗೆ ಶಿಕ್ಷೆ ವಿಧಿಸಿತು. ಅವರಲ್ಲಿ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷಗಳ ಸೆರೆವಾಸ. ವಿಚಾರಣೆ ಮುಗಿಯುವುದರೊಳಗೆ ಆರೋಪಿಗಳಲ್ಲಿ ಹಲವರು ತೀರಿಹೋಗಿದ್ದರು. ಅದರ ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಶಿಕ್ಷಿತರಲ್ಲಿ ಬಹುಪಾಲು ಜನರಿಗೆ ಜಾಮೀನು ನೀಡಿತು. ಮೇಲ್ಮನವಿಯ ಗತಿ ಏನೇ ಇರಲಿ, ಒಂದು ಊರಿನ ದೊಂಬಿಯನ್ನು ನ್ಯಾಯಾಲಯ ನೂರೊಂದು ಬೇರೆ ಬೇರೆ ಹೆಸರುಗಳಾಗಿ ಬಿಡಿಸಿ ಓದಿದ್ದು ತತ್ತ್ವದ ದೃಷ್ಟಿಯಿಂದ ದೊಡ್ಡ ಘಟನೆ.

ದೊಂಬಿ ಎಂದರೆ ಗುಂಪುಗೂಡಿದ ಜನ ಒಂದೇ ಉದ್ದೇಶದಿಂದ ನಡೆಸುವ ಹಿಂಸೆ. ಅದು ಒಂದು ಸಂಜೆ ಒಮ್ಮೆಗೇ ಭುಗಿಲೆದ್ದಂತೆ ಕಂಡರೂ ಅದರ ಅಭ್ಯಾಸ ಬಹಳ ಹಿಂದೆಯೇ, ಅತ್ಯಂತ ಶಾಂತವಾದ ಸ್ಥಳಗಳಲ್ಲಿ ನಡೆದಿರುತ್ತದೆ. ಹಳ್ಳಿಯ ಹೋಟೆಲಿನ ಹೊರಗೋಡೆಯ ಗೂಡಿನಲ್ಲಿಯೋ ಸೂರಿನ ಸಂದಿಯಲ್ಲಿಯೋ ಬೇರೆಯಾಗಿ ಇಟ್ಟ ಲೋಟವೊಂದಿರುತ್ತದೆ. ಕೇರಿಯಿಂದ ಬಂದವನು ಅದನ್ನು ತಾನೇ ತೆಗೆದು, ತಾನೇ ತೊಳೆದು ಮುಂದೆ ಚಾಚಬೇಕು. ಲೋಟಕ್ಕೆ ಪಾತ್ರೆ ತಾಗದಂತೆ ಚಹಾ ಮೇಲಿನಿಂದ ಬೀಳುತ್ತದೆ. ಅವನು ಹೊರಗೆ ನಿಂತೇ ಕುಡಿದು, ಮತ್ತೆ ತೊಳೆದು, ತೆಗೆದ ಜಾಗದಲ್ಲಿಯೇ ಇಟ್ಟು, ಹಣವನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟು ಹೋಗಬೇಕು. ಎರಡು ಲೋಟದ ಪದ್ಧತಿ ಎಂದು ಕರೆಯಲಾಗುವ ಈ ವ್ಯವಹಾರದಲ್ಲಿ ಯಾರೂ ಸಿಟ್ಟಾಗುವುದಿಲ್ಲ, ಯಾರೂ ದನಿ ಏರಿಸುವುದಿಲ್ಲ. ಒಳಗಿನ ಬೆಂಚಿನ ಮೇಲೆ ಕೂತವರು ಪತ್ರಿಕೆ ಓದುತ್ತಲೇ ಇರುತ್ತಾರೆ. ಆದರೆ ಹೊರಗೆ ನಿಂತ ದೇಹ ತಮ್ಮ ದೇಹದಂಥದ್ದಲ್ಲ ಎಂಬ ಪಾಠವನ್ನು ಆ ಬೆಂಚು ದಿನಕ್ಕೆರಡು ಬಾರಿ ಕಲಿಸುತ್ತಿರುತ್ತದೆ. ಲೋಟವನ್ನು ಒಳಗೆ ತರುತ್ತೇನೆ ಎಂದು ಹೊರಗೆ ನಿಂತವನು ಒಂದು ದಿನ ಹೇಳಿದಾಗ ಎದ್ದು ನಿಲ್ಲುವ ಗುಂಪು ಹೊಸದಾಗಿ ಹುಟ್ಟಿದ್ದೇನೂ ಅಲ್ಲ, ಅದು ಅದೇ ಬೆಂಚಿನಿಂದ ಎದ್ದದ್ದು.

ಕನ್ನಡ ನಾಡಿನ ಗ್ರಾಮರಚನೆಯಲ್ಲಿ ‘ಊರು’ ಮತ್ತು ‘ಕೇರಿ’ ಎಂಬ ಎರಡು ಪದಗಳು ಎರಡು ಲೋಕಗಳನ್ನು ಸೂಚಿಸುತ್ತವೆ. ಕವಿ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ ‘ಊರುಕೇರಿ’ ಎಂಬ ಹೆಸರನ್ನೇ ಇಟ್ಟದ್ದು ಇದೇ ಕಾರಣಕ್ಕೆ ಅರ್ಥಪೂರ್ಣವಾಗಿದೆ. ‘ಹಟ್ಟಿ’ ಎಂಬ ಪದವೂ ಇದೇ ಬಳಗದ್ದು. ದನಕುರಿಗಳ ದೊಡ್ಡಿ, ಮನೆಯ ಅಂಗಳ, ಸಣ್ಣ ವಸತಿ ಎಂಬ ಅರ್ಥಗಳಿರುವ ಈ ಪದ ಗೊಲ್ಲರಹಟ್ಟಿ ಮುಂತಾದ ರೂಪಗಳಲ್ಲಿ, ಊರಿನ ಆಚೆ ನೆಲೆಸಿದವರ ವಸತಿಯನ್ನೂ ಹೇಳುತ್ತದೆ. ಲಿಂಗಸೂಗೂರು ತಾಲ್ಲೂಕಿನ ಹಟ್ಟಿ ಇಂದು ಚಿನ್ನದ ಗಣಿಗೆ ಪ್ರಸಿದ್ಧವಾದರೂ ಆ ಹೆಸರಿನಲ್ಲಿಯೂ ಅದೇ ಪದ ಕೇಳಿಸುತ್ತದೆ. ಊರು ಮತ್ತು ಕೇರಿಗಳ ನಡುವೆ ಇರುವುದು ಕೆಲವೇ ಮಾರು ದೂರ. ಕೆಲವು ಕಡೆ ಒಂದು ಹಳ್ಳ, ಕೆಲವು ಕಡೆ ಒಂದು ಬೇಲಿ, ಬಹಳಷ್ಟು ಕಡೆ ಬರಿಯ ರೂಢಿ. ದೊಂಬಿ ನಡೆಯುವುದು ಈ ಗಡಿಯನ್ನು ಯಾರಾದರೂ ದಾಟಿದಾಗ.

ಈ ರಚನೆ ಭಾರತಕ್ಕೆ ಮಾತ್ರ ಸೀಮಿತವಲ್ಲ ಎಂಬುದಕ್ಕೆ ಅಮೆರಿಕದ ಓಕ್ಲಹೋಮ ರಾಜ್ಯದ ಟಲ್ಸಾ ನಗರ ಸಾಕ್ಷಿ. ಅಲ್ಲಿ ಬಿಳಿಯರ ಪೇಟೆಗೂ ಕಪ್ಪುಜನರ ಗ್ರೀನ್‌ವುಡ್ ಬಡಾವಣೆಗೂ ನಡುವೆ ಇದ್ದದ್ದು ಒಂದು ರೈಲುಹಳಿ. ಗ್ರೀನ್‌ವುಡ್‌ನಲ್ಲಿ ಅಂಗಡಿಗಳು, ಹೋಟೆಲುಗಳು, ಚಿತ್ರಮಂದಿರ, ಪತ್ರಿಕೆಗಳು, ವೈದ್ಯರು, ವಕೀಲರು ಎಲ್ಲರೂ ಇದ್ದರು. ಹಳಿಯ ಆಚೆ ಇರಬೇಕಾದವರು ಹಳಿಯ ಆಚೆಯೇ ಏಳಿಗೆ ಹೊಂದಿದ್ದರು. 1921ರ ಮೇ 30ರಂದು ಒಂದು ಕಟ್ಟಡದ ಲಿಫ್ಟಿನಲ್ಲಿ ಡಿಕ್ ರೋಲ್ಯಾಂಡ್ ಎಂಬ ಕಪ್ಪು ಯುವಕ ಬಿಳಿಯ ಹುಡುಗಿಯೊಬ್ಬಳ ಮೇಲೆ ಕೈಮಾಡಿದ ಎಂಬ ಆಪಾದನೆ ಹಬ್ಬಿತು. ಮರುದಿನ ಸಂಜೆ ನ್ಯಾಯಾಲಯದ ಮುಂದೆ ಬಿಳಿಯರ ಗುಂಪು ಸೇರಿತು. ಅವನನ್ನು ಗುಂಪು ಎಳೆದೊಯ್ದು ಕೊಲ್ಲಬಹುದೆಂಬ ಭಯದಿಂದ ಕಪ್ಪುಜನರೂ ಶಸ್ತ್ರ ಹಿಡಿದು ಬಂದರು. ಒಂದು ಗುಂಡು ಹಾರಿತು. ಜೂನ್ 1ರ ಬೆಳಗಿನಲ್ಲಿ ಸಾವಿರಾರು ಬಿಳಿಯರು ಹಳಿ ದಾಟಿ ಗ್ರೀನ್‌ವುಡ್‌ಗೆ ನುಗ್ಗಿ 35 ಬೀದಿಚೌಕಗಳಷ್ಟು ಜಾಗವನ್ನು ಸುಟ್ಟರು. 1,200ಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಸತ್ತವರು 36 ಎಂಬ ಅಂದಿನ ಸರ್ಕಾರಿ ಲೆಕ್ಕವನ್ನು ಮೀರಿ, ಸಂಖ್ಯೆ 300ರವರೆಗೂ ಇರಬಹುದೆಂದು ಮುಂದಿನ ಅಧ್ಯಯನಗಳು ಹೇಳಿದವು. ರೋಲ್ಯಾಂಡನ ಮೇಲಿನ ಆಪಾದನೆ ಬಿದ್ದುಹೋಯಿತು. ಗ್ರೀನ್‌ವುಡ್ ಸುಟ್ಟದ್ದಕ್ಕಾಗಿ ಬಿಳಿಯರಲ್ಲಿ ಒಬ್ಬರೂ ಶಿಕ್ಷೆಗೆ ಗುರಿಯಾಗಲಿಲ್ಲ. ಉರಿಯುವ ಬೀದಿಗಳ ಚಿತ್ರಗಳು ಅಂಚೆಕಾರ್ಡುಗಳಾಗಿ ಅಚ್ಚಾದವು. ಮಾಡಿದವರು ಇಷ್ಟು ಮಂದಿ ಎಂದು ಲೋಕಕ್ಕೆಲ್ಲ ಕಾಣಿಸುತ್ತಿದ್ದರೂ ಮಾಡಿದವನು ಇಂಥವನು ಎಂದು ಹೇಳಲು ಯಾರೂ ಮುಂದೆ ಬರಲಿಲ್ಲ.

ಗುಂಪಿನ ಹೆಸರಿನಲ್ಲಿ ಮಾಡಿದ್ದಕ್ಕೆ ವ್ಯಕ್ತಿ ಎಷ್ಟು ಹೊಣೆ ಎಂಬ ಪ್ರಶ್ನೆಯನ್ನು ಭಾರತೀಯ ಚಿಂತಕರು ಬಹಳ ಹಿಂದೆಯೇ ನೇರವಾಗಿ ಎತ್ತಿಕೊಂಡಿದ್ದರು. ಬೌದ್ಧ ದಾರ್ಶನಿಕ ವಸುಬಂಧುವಿನ ‘ಅಭಿಧರ್ಮಕೋಶಭಾಷ್ಯ’ದಲ್ಲಿ ಈ ಚರ್ಚೆ ಬರುತ್ತದೆ. ಯುದ್ಧಕ್ಕೋ ಬೇಟೆಗೋ ದರೋಡೆಗೋ ಹಲವರು ಒಟ್ಟಾಗಿ ಹೊರಟು, ಅವರಲ್ಲಿ ಒಬ್ಬನೇ ಕೊಂದರೆ ಪ್ರಾಣಹಿಂಸೆಯ ಕರ್ಮ ಯಾರಿಗೆ ಎಂಬುದು ಅಲ್ಲಿನ ಪ್ರಶ್ನೆ. ಕೊಂದವನಿಗೆ ಎಷ್ಟೋ ಎಲ್ಲರಿಗೂ ಅಷ್ಟೇ ಎಂಬುದು ಅವನ ಉತ್ತರ, ಏಕೆಂದರೆ ಒಂದೇ ಗುರಿಗಾಗಿ ಕೂಡಿ ನಿಂತವರು ಬಾಯಿಬಿಟ್ಟು ಹೇಳದಿದ್ದರೂ ಕೂಡಿ ನಿಂತದ್ದರಿಂದಲೇ ಒಬ್ಬರಿಗೊಬ್ಬರು ಪ್ರೇರಕರಾಗಿರುತ್ತಾರೆ. ಬಲವಂತದಿಂದ ಗುಂಪಿಗೆ ಸೇರಿದವನ ಗತಿ ಏನು ಎಂಬುದನ್ನೂ ಅವನು ಬಿಡುವುದಿಲ್ಲ. ಪ್ರಾಣ ಹೋದರೂ ಕೊಲ್ಲುವುದಿಲ್ಲ ಎಂದು ಮನಸ್ಸಿನಲ್ಲಿ ದೃಢ ಮಾಡಿಕೊಂಡವನ ಹೊರತು ಉಳಿದ ಯಾರಿಗೂ ವಿನಾಯಿತಿ ಇಲ್ಲ. ಕಲ್ಲು ಎಸೆಯದೆ ಹಿಂದೆ ನಿಂತವನ ಇರುವಿಕೆ ಮುಂದೆ ನಿಂತವನ ಕೈಗೆ ಬಲವಾಗುತ್ತದೆ ಎಂಬ ಸತ್ಯವನ್ನು ಈ ವಾದ ಸ್ಪಷ್ಟವಾಗಿ ಗುರುತಿಸಿದೆ. ಪತಂಜಲಿಯ ಯೋಗಸೂತ್ರಗಳೂ ಜೈನ ಆಚಾರಗ್ರಂಥಗಳೂ ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು, ಎಂದರೆ ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡುವಾಗ ಸರಿ ಎಂದು ಒಪ್ಪಿದ್ದು ಎಂದು ಮೂರಾಗಿ ವಿಂಗಡಿಸಿ ಮೂರನ್ನೂ ಹಿಂಸೆಯೆಂದೇ ಕರೆಯುತ್ತವೆ. ಮಲೆನಾಡಿನಿಂದ ಬಯಲುಸೀಮೆಯವರೆಗೆ ಜೈನ ಬಸದಿಗಳಿರುವ ಕನ್ನಡ ನಾಡಿಗೆ ಈ ಮೂರು ಪದಗಳು ಹೊಸವೇನಲ್ಲ. ಹೊಸದಾಗಬೇಕಾದದ್ದು ಅವುಗಳ ಅನ್ವಯ.

ಈ ಚಿಂತನೆಯನ್ನು ಒಟ್ಟಾಗಿ ನೋಡಿದರೆ ಮೊದಲ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಆಸ್ತಿ ಪಾಲಾಗುವಂತೆ ಪಾಪ ಪಾಲಾಗುವುದಿಲ್ಲ. ಹತ್ತು ಎಕರೆ ಹೊಲವನ್ನು ಹತ್ತು ಜನ ಹಂಚಿಕೊಂಡರೆ ಒಬ್ಬೊಬ್ಬನಿಗೆ ಒಂದೇ ಎಕರೆ. ಒಂದು ದೀಪದಿಂದ ಹತ್ತು ದೀಪ ಹಚ್ಚಿದರೆ ಒಂದೊಂದರಲ್ಲೂ ಇಡೀ ಬೆಂಕಿ. ಗುಂಪಿನ ಪಾಪ ಎರಡನೆಯ ಬಗೆಯದು. ಆಧುನಿಕ ಕಾನೂನು ತನ್ನದೇ ದಾರಿಯಲ್ಲಿ ನಡೆದು ಇದೇ ಜಾಗಕ್ಕೆ ಬಂದಿದೆ. ಭಾರತೀಯ ದಂಡಸಂಹಿತೆಯ 141ನೆಯ ಕಲಮು ಐದು ಅಥವಾ ಹೆಚ್ಚು ಜನ ನಿಷಿದ್ಧ ಉದ್ದೇಶಕ್ಕಾಗಿ ಸೇರಿದ್ದನ್ನು ಅಕ್ರಮ ಕೂಟವೆಂದು ಕರೆದರೆ, 149ನೆಯ ಕಲಮು ಆ ಕೂಟದ ಸಮಾನ ಉದ್ದೇಶದ ಸಾಧನೆಗಾಗಿ ಒಬ್ಬ ಸದಸ್ಯ ಎಸಗಿದ ಅಪರಾಧಕ್ಕೆ ಪ್ರತಿ ಸದಸ್ಯನೂ ಹೊಣೆ ಎಂದಿತ್ತು. ದಂಡಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ತತ್ತ್ವ ಉಳಿದಿದೆ. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸೆರೆವಾಸಕ್ಕೆ ಅರ್ಹವಾದ ಅಪರಾಧವನ್ನು ಪರಿಶಿಷ್ಟರಲ್ಲದವರು ಪರಿಶಿಷ್ಟರ ಮೇಲೆ ಜಾತಿಯ ಕಾರಣಕ್ಕೆ ಎಸಗಿದರೆ ಜೀವಾವಧಿ ಶಿಕ್ಷೆ ಎಂದು ಸೇರಿಸಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಗೌರವದಿಂದ ಉತ್ತರ ಕೊಡಬೇಕಾಗುತ್ತದೆ. ಗುಂಪಿನಲ್ಲಿ ಸುಮ್ಮನೆ ನಿಂತವನನ್ನೂ ಬೆಂಕಿ ಇಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು, ಗುಂಪು ಕೇರಿಯವರೆಲ್ಲರನ್ನೂ ಒಂದೇ ಎಂದು ಕಂಡ ತಪ್ಪನ್ನೇ ಮತ್ತೆ ಮಾಡಿದಂತಲ್ಲವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಹುರುಳಿಲ್ಲದ್ದಲ್ಲ. ಊರಿಗೆ ಊರೇ ಪಾಪಿಯೆಂದು ಹಣೆಪಟ್ಟಿ ಕಟ್ಟುವುದು ಅನ್ಯಾಯವೇ. ಆದ್ದರಿಂದಲೇ ನ್ಯಾಯದ ಕೆಲಸ ಗುಂಪನ್ನು ಗುಂಪಾಗಿಯೇ ಬಿಡದೆ ಬಿಡಿಬಿಡಿಯಾಗಿ ವಿಚಾರಿಸುವುದು. ಹಟ್ಟಿಯ ಗಣಿಯಲ್ಲಿ ಒಂದು ಟನ್ ಕಲ್ಲನ್ನು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಆ ಕೆಲವು ಗ್ರಾಂಗಾಗಿ ಇಡೀ ಕಲ್ಲನ್ನು ನುಣ್ಣಗೆ ಪುಡಿಮಾಡಿ, ತೊಳೆದು, ಸೋಸಿ ಬೇರ್ಪಡಿಸಬೇಕು. ಗುಂಪಿನೊಳಗಿನ ವ್ಯಕ್ತಿಯನ್ನು, ಅವನ ಕೈಯನ್ನು, ಅವನ ಸಂಕಲ್ಪವನ್ನು ಹುಡುಕುವುದೂ ಅಂಥದೇ ತಾಳ್ಮೆಯ ಕೆಲಸ, ಮತ್ತು ಅದಕ್ಕೆ ಹತ್ತು ವರ್ಷ ಹಿಡಿದರೂ ಆ ಕೆಲಸವನ್ನು ಬಿಡುವಂತಿಲ್ಲ. ಒಬ್ಬನನ್ನು ಹೆಸರು ಹಿಡಿದು ಕರೆಯುವುದು ಅವನನ್ನು ಮನುಷ್ಯನೆಂದು ಗೌರವಿಸಿದಂತೆ. ನೀನು ಬೇರೆ ಮಾಡಬಹುದಾಗಿತ್ತು ಎಂಬ ನಂಬಿಕೆ ಆ ಕರೆಯಲ್ಲಿದೆ. ಗುಂಪಿನ ನೆರಳಿನಲ್ಲಿ ಅವನನ್ನು ಬಿಟ್ಟುಬಿಡುವುದು ಕರುಣೆಯಂತೆ ತೋರಿದರೂ ಅವನ ಕರ್ತೃತ್ವವನ್ನೇ ಕಿತ್ತುಕೊಂಡಂತೆ.

ಮರಕುಂಬಿಯ ತೀರ್ಪಿನಲ್ಲಿ ಐದು ವರ್ಷಗಳ ಶಿಕ್ಷೆ ಪಡೆದ ಆ ಮೂವರ ಸಂಗತಿಯೂ ಯೋಚನೆಗೆ ಅರ್ಹವಾಗಿದೆ. ಅವರು ತಾವೇ ಪರಿಶಿಷ್ಟ ಸಮುದಾಯಗಳಿಗೆ ಸೇರಿದ್ದರಿಂದ ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಅನ್ವಯಿಸಲಿಲ್ಲ. ಜಾತಿ ಎಂಬುದು ಎರಡೇ ಮೆಟ್ಟಿಲುಗಳ ಏಣಿಯಲ್ಲ, ಒಂದರ ಮೇಲೊಂದು ಮೆಟ್ಟಿಲುಗಳ ಶ್ರೇಣಿ; ಕೆಳಗಿನವರ ಮೇಲೆ ಇನ್ನೂ ಕೆಳಗಿನವರನ್ನು ಇಟ್ಟು, ಪ್ರತಿಯೊಬ್ಬನಿಗೂ ತುಳಿಯಲು ಒಬ್ಬನನ್ನು ಒದಗಿಸುವ ಈ ವ್ಯವಸ್ಥೆಯನ್ನು ಬಿ.ಆರ್. ಅಂಬೇಡ್ಕರ್ ಶ್ರೇಣೀಕೃತ ಅಸಮಾನತೆ ಎಂದು ಗುರುತಿಸಿದರು. ಅವರೇ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪುಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಬಗ್ಗೆ ವಿಚಾರಿಸಿದ್ದರು. ಕೇರಿಯ ನೋವಿಗೂ ಹಳಿಯ ಆಚೆಯ ನೋವಿಗೂ ನಂಟಿದೆ ಎಂಬುದನ್ನು ಅವರು ಅಂದೇ ಕಂಡಿದ್ದರು.

ಆದರೆ ಮರಕುಂಬಿಯ ತೀರ್ಪು ಅಪರೂಪದ್ದು; ಗುಂಪುಹಿಂಸೆಯ ಚರಿತ್ರೆಯಲ್ಲಿ ಮೌನವೇ ಹೆಚ್ಚು. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಮನೆಯೊಳಗೆ ಇದ್ದಂತೆಯೇ ಬೆಂಕಿ ಹಚ್ಚಿ ಏಳು ಜನ ದಲಿತರನ್ನು ಸುಡಲಾಯಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ಪ್ರತಿಕೂಲವಾದರು, ಎಂದರೆ ಪೊಲೀಸರ ಮುಂದೆ ಹೇಳಿದ್ದನ್ನು ನ್ಯಾಯಾಲಯದಲ್ಲಿ ಹೇಳಲಿಲ್ಲ. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ತಮಿಳುನಾಡಿನ ಕೀಳ್‌ವೆಣ್ಮಣಿಯಲ್ಲಿ 1968ರ ಡಿಸೆಂಬರ್ 25ರಂದು 44 ಜನ ಕೂಲಿಕಾರ ದಲಿತರು ಒಂದೇ ಗುಡಿಸಲಿನಲ್ಲಿ ಸುಟ್ಟುಹೋದಾಗ, ಸಿರಿವಂತ ಭೂಮಾಲೀಕರು ತಾವೇ ನಡೆದುಹೋಗಿ ಬೆಂಕಿ ಇಟ್ಟರೆಂಬುದು ನಂಬಲಾಗದ ಮಾತು ಎಂಬರ್ಥದ ತರ್ಕವನ್ನು ಮದರಾಸು ಹೈಕೋರ್ಟು ಮುಂದಿಟ್ಟಿತು. ಟಲ್ಸಾದಲ್ಲಿ ಮೌನ ಇನ್ನೊಂದು ಬಗೆಯಲ್ಲಿ ನೆಲೆಯಾಯಿತು. ಗುಂಪನ್ನು ಕೆರಳಿಸಿದ ವರದಿಯಿದ್ದ 1921ರ ಮೇ 31ರ ಪತ್ರಿಕೆಯ ಆ ಭಾಗವನ್ನು, ಸಂಗ್ರಹದ ಸಂಪುಟದಿಂದ ಯಾರೋ ಕತ್ತರಿಸಿ ತೆಗೆದಿದ್ದರು. ದಶಕಗಳ ಕಾಲ ಶಾಲೆಯ ಪಾಠಗಳಲ್ಲೂ ಈ ಸಂಗತಿ ಬರಲಿಲ್ಲ. ರಾಜ್ಯ ನೇಮಿಸಿದ ಆಯೋಗದ ವರದಿ ಹೊರಬಂದದ್ದು 2001ರಲ್ಲಿ.

ಜರ್ಮನ್ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ನಾಜಿಗಳ ಕಾಲ ಮುಗಿದ ಮರುವರ್ಷವೇ, 1946ರಲ್ಲಿ, ತನ್ನ ದೇಶದ ಅಪರಾಧವನ್ನು ಕುರಿತು ಬರೆಯುತ್ತ ಹೊಣೆಯನ್ನು ನಾಲ್ಕಾಗಿ ವಿಂಗಡಿಸಿದ. ಕಾನೂನು ಮುರಿದವನ ಕ್ರಿಮಿನಲ್ ಹೊಣೆ, ಅಂಥ ಆಳ್ವಿಕೆಯ ಪ್ರಜೆಯಾದವನ ರಾಜಕೀಯ ಹೊಣೆ, ತನ್ನ ಅಂತಃಸಾಕ್ಷಿಯ ಮುಂದೆ ಉತ್ತರಿಸಬೇಕಾದ ನೈತಿಕ ಹೊಣೆ, ಇನ್ನೊಬ್ಬ ಮನುಷ್ಯ ಕಣ್ಣೆದುರಿಗೆ ನಾಶವಾಗುವಾಗ ತಾನು ಬದುಕುಳಿದುದಕ್ಕೆ ದೇವರ ಮುಂದೆ ಹೊತ್ತ ಆಧ್ಯಾತ್ಮಿಕ ಹೊಣೆ. ಮೊದಲನೆಯದನ್ನು ನ್ಯಾಯಾಲಯ ತೀರ್ಮಾನಿಸಬಹುದು. ಕೊನೆಯ ಎರಡನ್ನು ತೀರ್ಮಾನಿಸುವ ನ್ಯಾಯಾಲಯ ಮನುಷ್ಯನ ಒಳಗಿದೆ. ಕಂಬಾಲಪಲ್ಲಿಯಂಥ ಕಡೆ ‘ಕಂಡಿಲ್ಲ’ ಎಂಬ ಒಂದು ಪದ ಬೆದರಿಕೆಯಿಂದ ಬಂದದ್ದಾಗಿರಬಹುದು, ಬಡತನದಿಂದ ಬಂದದ್ದಾಗಿರಬಹುದು. ಬೆದರಿ ಹೇಳಿದವರನ್ನು ಹೊರಗಿನವರು ತೀರ್ಪುಗಾರರಂತೆ ದೂಷಿಸುವುದು ಸಲ್ಲದು. ಆದರೆ ಯಾವ ಬೆದರಿಕೆಯೂ ಇಲ್ಲದೆ, ಬೆಂಚಿನ ಮೇಲೆ ಕೂತಂತೆಯೇ ‘ಕಂಡಿಲ್ಲ’ ಎಂದವರ ಮೌನ ಅನುಮೋದನೆಯೇ ಆಗುತ್ತದೆ.

ಧರ್ಮ ಇಂಥ ಮೌನಕ್ಕೆ ಹಲವು ಬಾರಿ ಆಸರೆಯಾಗಿದೆ ಎಂಬುದನ್ನು ಒಪ್ಪಿಕೊಳ್ಳದೆ ಈ ಚರ್ಚೆ ಪ್ರಾಮಾಣಿಕವಾಗದು. ಲಿಂಗಸೂಗೂರಿಗೆ ನೆರೆಯ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ದಲಿತ ಕುಟುಂಬದ ಪುಟ್ಟ ಮಗು, ಹುಟ್ಟುಹಬ್ಬದ ದಿನ, ಹನುಮಂತ ದೇವರ ಗುಡಿಯೊಳಗೆ ಓಡಿತೆಂಬ ಕಾರಣಕ್ಕೆ ಗುಡಿಯ ಶುದ್ಧೀಕರಣಕ್ಕೆಂದು ತಂದೆಯಿಂದ 25,000 ರೂಪಾಯಿ ಕೇಳಲಾಯಿತೆಂದು ವರದಿಯಾಗಿ, ಅಧಿಕಾರಿಗಳು ಮಧ್ಯೆ ಬರಬೇಕಾಯಿತು. ಎರಡು ವರ್ಷದ ಮಗುವಿನ ಹೆಜ್ಜೆಗೆ ಪ್ರಾಯಶ್ಚಿತ್ತವಿದೆ, ಅದಕ್ಕೆ ದರವೂ ಇದೆ. ಗುಡಿಸಲಿಗೆ ಬೆಂಕಿ ಇಟ್ಟವನಿಗೆ ಯಾವ ಶುದ್ಧೀಕರಣವನ್ನೂ ಯಾವ ಪುರೋಹಿತರೂ ಹೇಳಿದ್ದು ಕೇಳಿಬಂದಿಲ್ಲ. ಮಡಿಮೈಲಿಗೆಯ ಧರ್ಮ ಮುಟ್ಟಿದ್ದನ್ನು ಪಾಪವೆಂದು ಎಣಿಸಿ ಸುಟ್ಟದ್ದನ್ನು ಎಣಿಸದೆ ಬಿಟ್ಟಿತು. ಟಲ್ಸಾದಲ್ಲೂ ದುರಂತದ ನಂತರ ಬಿಳಿಯರ ಚರ್ಚುಗಳ ವೇದಿಕೆಗಳಿಂದ ತಪ್ಪನ್ನು ಕಪ್ಪುಜನರ ಮೇಲೆಯೇ ಹೊರಿಸುವ ಬೋಧನೆಗಳು ಕೇಳಿಬಂದವು. ದೇವರ ಹೆಸರು ಗುಂಪಿನ ಕಡೆ ನಿಂತಾಗ ಅನುಮೋದಿತ ಹಿಂಸೆ ಪುಣ್ಯದ ವೇಷ ತೊಡುತ್ತದೆ.

ಕಾಲ ಕಳೆದ ಮೇಲೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಮಾಡಿದವರು ಸತ್ತರು, ಅವರ ಮಕ್ಕಳು ಮೊಮ್ಮಕ್ಕಳು ಏನೂ ಮಾಡಿಲ್ಲ. ಅವರು ಏಕೆ ಹೊಣೆಯಾಗಬೇಕು? ಪಾಪ ಎಂಬ ಒಂದೇ ಪದದಿಂದ ಇದಕ್ಕೆ ಉತ್ತರ ಸಿಗದು. ಕನ್ನಡಕ್ಕೆ ಇನ್ನೊಂದು ಪದ ಗೊತ್ತಿದೆ, ಅದು ಋಣ. ಪಾಪ ವ್ಯಕ್ತಿಯದು, ಅವನೊಂದಿಗೇ ಹೋಗುತ್ತದೆ. ಋಣ ಮನೆತನಕ್ಕೂ ಊರಿಗೂ ಇಳಿದು ಬರುತ್ತದೆ. ಟಲ್ಸಾದ ಮೌಂಟ್ ಜಿಯಾನ್ ಬ್ಯಾಪ್ಟಿಸ್ಟ್ ಚರ್ಚಿನ ಕಥೆ ಇದನ್ನು ಮನಗಾಣಿಸುತ್ತದೆ. ಗ್ರೀನ್‌ವುಡ್‌ನ ಭಕ್ತರು ಸಾಲ ಮಾಡಿ ಕಟ್ಟಿಸಿದ ಆ ಹೊಸ ಚರ್ಚು ಪ್ರತಿಷ್ಠಾಪನೆಯಾದ ಎರಡು ತಿಂಗಳೊಳಗೆ ದೊಂಬಿಯಲ್ಲಿ ಸುಟ್ಟುಹೋಯಿತು. ವಿಮೆಯ ಹಣ ಬರಲಿಲ್ಲ. ಆದರೂ ಅವರು ಬೂದಿಯಾದ ಕಟ್ಟಡದ ಸಾಲವನ್ನು ವರ್ಷವರ್ಷವೂ ಕಟ್ಟುತ್ತ ಬಂದು 1942ರಲ್ಲಿ ತೀರಿಸಿದರು. ಸುಟ್ಟವರ ಕಡೆಯ ಋಣ ಮಾತ್ರ ಹಾಗೆಯೇ ಉಳಿಯಿತು. ನೊಂದವರು ಬೂದಿಯಾದದ್ದರ ಸಾಲವನ್ನೂ ತೀರಿಸಿದರು, ನೋಯಿಸಿದವರು ತಮ್ಮದೇ ಸಾಲವನ್ನು ಮರೆತರು ಎಂಬುದೇ ಗುಂಪುಹಿಂಸೆಯ ಲೆಕ್ಕದ ಪುಸ್ತಕ.

ಇದಕ್ಕೆ ಧರ್ಮಶಾಸ್ತ್ರದಿಂದಲೇ ಎತ್ತಬಹುದಾದ ಒಂದು ತಕರಾರಿದೆ. ತಂದೆಯ ಸಾಲವನ್ನು ಮಗ ತೀರಿಸಬೇಕೆನ್ನುವ ಸ್ಮೃತಿಗಳೇ, ತಂದೆಯ ಕುಡಿತ, ಜೂಜುಗಳ ಸಾಲಕ್ಕೂ ಅವನಿಗೆ ಬಿದ್ದ ದಂಡಕ್ಕೂ ಮಗ ಹೊಣೆಯಲ್ಲ ಎನ್ನುತ್ತವೆ. ಈ ವಿವೇಕ ಸರಿಯಾದದ್ದು, ಮತ್ತು ಅದೇ ವಿವೇಕ ಇಲ್ಲಿ ದಾರಿ ತೋರಿಸುತ್ತದೆ. ಮುಂದಿನ ತಲೆಮಾರಿಗೆ ಇಳಿದು ಬರುವುದು ದಂಡವಲ್ಲ, ಉಳಿಸಿಕೊಂಡ ಗಳಿಕೆ. ಊರಿನ ನಡುವಿನ ಮನೆ, ಕಾಲುವೆಯ ಮೇಲಿನ ಹೊಲ, ಕ್ಷೌರದಂಗಡಿಯ ಕುರ್ಚಿ, ಗುಡಿಯ ಗರ್ಭಗೃಹದ ಹತ್ತಿರ ನಿಲ್ಲುವ ಹಕ್ಕು, ಇನ್ನೊಬ್ಬನನ್ನು ಏಕವಚನದಲ್ಲಿ ಕರೆಯುವ ರೂಢಿ ಇವೆಲ್ಲ ಹಿಂಸೆಯಿಂದಲೋ ಹಿಂಸೆಯ ಭಯದಿಂದಲೋ ಕಾಪಾಡಿಕೊಂಡು ಬಂದ ಆಸ್ತಿಗಳು. ಮೊಮ್ಮಗ ಬೆಂಕಿ ಇಟ್ಟಿಲ್ಲ, ಆದರೆ ಬೆಂಕಿ ಕಾಯ್ದುಕೊಟ್ಟ ಕುರ್ಚಿಯ ಮೇಲೆ ಕೂತಿದ್ದಾನೆ. ಕೂತದ್ದು ಪಾಪವಲ್ಲ, ಪಕ್ಕದಲ್ಲಿ ಇನ್ನೊಬ್ಬ ಕೂರುವಾಗ ಎದ್ದು ತಡೆದರೆ ಅಲ್ಲಿಂದ ಅವನದೇ ಪಾಪ ಶುರುವಾಗುತ್ತದೆ.

ಹೆಚ್ಚಾದದ್ದನ್ನು ಹಿಂದಿರುಗಿಸುವ ಈ ನೀತಿಗೆ ಹಟ್ಟಿಯ ಸೀಮೆಯಲ್ಲಿಯೇ ಒಂದು ಮಾದರಿ ಇದೆ. ಗುರುಗುಂಟದ ಬಳಿಯ ಅಮರೇಶ್ವರ, ಹನ್ನೆರಡನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಅವರ ಊರೆಂದು ಪರಂಪರೆ ಹೇಳುತ್ತದೆ. ಕಲ್ಯಾಣಕ್ಕೆ ಹೋದ ಮಾರಯ್ಯನ ಕಾಯಕ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಂದಿನ ಅಗತ್ಯಕ್ಕೆ ಮೀರಿದ್ದು ತಮ್ಮದಲ್ಲ ಎಂದು ಲಕ್ಕಮ್ಮ ಅದನ್ನು ತಂದ ಜಾಗಕ್ಕೇ ಸುರಿದು ಬರುವಂತೆ ಗಂಡನನ್ನು ಕಳಿಸಿದಳು. ಆ ಅಕ್ಕಿಯನ್ನು ಅವನು ಕದ್ದಿರಲಿಲ್ಲ, ಯಾರೂ ದೂರಿರಲಿಲ್ಲ. ಆದರೂ ಮೊರದಲ್ಲಿದ್ದ ಕಾಳು ಎಲ್ಲಿಂದ ಹೆಚ್ಚಾಯಿತೆಂದು ಅವಳು ಕೇಳಿದಳು. ಅವಳಿದ್ದ ಅದೇ ಕಲ್ಯಾಣದಲ್ಲಿ, ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮೂಲದ ಮಧುವರಸನ ಮನೆಗೂ ಆದ ಮದುವೆಯ ಕಾರಣಕ್ಕೆ ಆ ಇಬ್ಬರು ತಂದೆಯರಿಗೂ ಘೋರ ಶಿಕ್ಷೆಯಾಗಿ, ಶರಣರು ದಿಕ್ಕುಪಾಲಾದರೆಂದು ಪರಂಪರೆ ನೆನೆಯುತ್ತದೆ. ಗಡಿ ದಾಟಿದವರ ಮೇಲೆ ಬಿದ್ದ ಹಿಂಸೆಯ ಕಥೆಯೂ ಹೆಚ್ಚುವರಿಯನ್ನು ಹಿಂದಿರುಗಿಸಿದ ಕಥೆಯೂ ಒಂದೇ ಊರಿನವು. ಯಾವುದನ್ನು ಮುಂದುವರಿಸಬೇಕೆಂಬುದು ಕೇಳಿದವರ ಆಯ್ಕೆ.

ಪಶ್ಚಾತ್ತಾಪದ ವಿಷಯದಲ್ಲಿ ಮಸ್ಕಿಗೆ ವಿಶೇಷ ಸ್ಥಾನವಿದೆ. ಅಲ್ಲಿನ ಗುಡ್ಡದ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆದ ಶಾಸನವನ್ನು 1915ರಲ್ಲಿ ಚಿನ್ನದ ಅದಿರಿಗಾಗಿ ನೆಲ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡುಹಿಡಿದನು. ಅದುವರೆಗೆ ತನ್ನ ಶಾಸನಗಳಲ್ಲಿ ದೇವಾನಾಂಪ್ರಿಯ ಮುಂತಾದ ಬಿರುದುಗಳಿಂದಷ್ಟೇ ಕಾಣಿಸಿಕೊಂಡಿದ್ದ ರಾಜನ ಅಶೋಕ ಎಂಬ ಸ್ವಂತ ಹೆಸರು ಅವನ ಶಾಸನದಲ್ಲಿ ಮೊದಲು ಓದಲು ಸಿಕ್ಕಿದ್ದು ಇಲ್ಲಿಯೇ. ಧರ್ಮದ ಗುರಿಯನ್ನು ದೊಡ್ಡವರು ಮಾತ್ರ ತಲುಪಬಲ್ಲರೆಂದು ತಿಳಿಯಬಾರದು, ಸಣ್ಣವನೂ ತಲುಪಬಲ್ಲ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂಬುದು ಆ ಶಾಸನದ ಸಾರ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಈ ಸೀಮೆಯ ಕಲ್ಲಿನ ಮೇಲೆ ಊರು ಮತ್ತು ಕೇರಿಗಳ ನಡುವಿನ ಗೆರೆಯನ್ನು ಅಳಿಸುವ ಮಾತು ಹೀಗೆ ಬರೆಯಲ್ಪಟ್ಟಿತ್ತು. ಕಳಿಂಗದ ಯುದ್ಧದಲ್ಲಿ ಸತ್ತವರನ್ನೂ ಸೆರೆಯಾದವರನ್ನೂ ಲಕ್ಷಗಳ ಲೆಕ್ಕದಲ್ಲಿ ಹೇಳಿ ದುಃಖಿಸಿದವನೂ ಇದೇ ರಾಜ. ಆದರೆ ಆ ದುಃಖ ಬರೆದ ಹದಿಮೂರನೆಯ ಬಂಡೆಶಾಸನ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಇಲ್ಲ. ಪಶ್ಚಾತ್ತಾಪವನ್ನು ದೂರದವರಿಗೆ ಸಾರಿದವನು, ನೊಂದವರ ನೆಲದಲ್ಲಿ ಅದನ್ನು ಬರೆಸಲಿಲ್ಲ. ಪಶ್ಚಾತ್ತಾಪ ಪಡುವ ಎಲ್ಲ ಊರುಗಳಿಗೂ ಈ ಕೊರತೆ ಒಂದು ಎಚ್ಚರಿಕೆ. ನೊಂದವರ ಎದುರಿಗೆ ಹೇಳದ ಕ್ಷಮೆಯಾಚನೆ ಅರ್ಧದಲ್ಲಿಯೇ ನಿಲ್ಲುತ್ತದೆ.

ಹೀಗೆ ನೋಡಿದರೆ ಗುಂಪುಹಿಂಸೆಯ ಲೆಕ್ಕಕ್ಕೆ ಎರಡು ಪುಟಗಳಿವೆ. ಪಾಪದ ಪುಟದಲ್ಲಿ ಒಂದೊಂದೇ ಹೆಸರು ಬರೆಯಬೇಕು, ಅದನ್ನು ನ್ಯಾಯಾಲಯವೂ ಅಂತಃಸಾಕ್ಷಿಯೂ ಬರೆಯುತ್ತವೆ, ಮತ್ತು ಅಲ್ಲಿ ಊರು ಎಂಬ ಹೆಸರಿಗೆ ಜಾಗವಿಲ್ಲ. ಋಣದ ಪುಟದಲ್ಲಿ ಊರಿನ ಹೆಸರನ್ನೇ ಬರೆಯಬೇಕು, ಏಕೆಂದರೆ ಬಾವಿ, ಗುಡಿ, ಹೋಟೆಲು, ಕ್ಷೌರದಂಗಡಿ, ಶಾಲೆಯ ಪಾಠ, ಇವನ್ನು ತೆರೆಯಬಲ್ಲದ್ದು ಊರು ಮಾತ್ರ. ಪಾಪದ ಪುಟದಲ್ಲಿ ಊರನ್ನು ಬರೆದರೆ ಅಪರಾಧಿ ತಪ್ಪಿಸಿಕೊಳ್ಳುತ್ತಾನೆ. ಋಣದ ಪುಟದಲ್ಲಿ ವ್ಯಕ್ತಿಯನ್ನು ಮಾತ್ರ ಬರೆದರೆ ಊರು ತಪ್ಪಿಸಿಕೊಳ್ಳುತ್ತದೆ. ಗುಂಪುಹಿಂಸೆ ಇಷ್ಟು ದೀರ್ಘಕಾಲ ಉಳಿದುಬಂದದ್ದು ಈ ಎರಡು ಪುಟಗಳನ್ನು ಅದಲುಬದಲು ಮಾಡಿದ್ದರಿಂದ. ಹೊರಗೋಡೆಯ ಗೂಡಿನಲ್ಲಿರುವ ಆ ಲೋಟವನ್ನು ಒಳಗೆ ತರಲು ಯಾವ ತೀರ್ಪಿಗೂ ಕಾಯಬೇಕಾಗಿಲ್ಲ. ಬೆಂಚಿನ ಮೇಲೆ ಕೂತ ಹನ್ನೊಂದನೆಯವನು ಹತ್ತು ಜನರನ್ನು ನೋಡದೆ ಎದ್ದು, ಹೊರಗೆ ಹೋಗಿ, ಅದನ್ನು ಕೈಯಾರೆ ತಂದು ಉಳಿದ ಲೋಟಗಳ ಜೊತೆಗಿಟ್ಟು, ಪಕ್ಕದಲ್ಲಿ ಜಾಗ ಬಿಟ್ಟು ಕೂತರೆ ಸಾಕು.